ಸೂಪ್ ಪೊಟ್ಟಣದ ಕೆಂಪು ಪುಡಿ

ಇನ್‌ಸ್ಟಂಟ್ ಸೂಪ್‌ನ ಟೊಮೆಟೊ ಪುಡಿ ಸಾಮಾನ್ಯವಾಗಿ ಬಿಸಿಲಲ್ಲಿ ಒಣಗಿದ್ದಲ್ಲ. ಸೋಸಿದ ಟೊಮೆಟೊ ರಸವನ್ನು ಎತ್ತರದ ಉಕ್ಕಿನ ಗೋಪುರದೊಳಗೆ ಮಂಜಿನಂತೆ ಸಿಂಪಡಿಸುತ್ತಾರೆ. ಒಳಗೆ ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿ. ಕೆಲವೇ ಸೆಕೆಂಡುಗಳಲ್ಲಿ ಹನಿಗಳು ಪುಡಿಯಾಗಿ ಕೆಳಗಿಳಿಯುತ್ತವೆ.

ಸುಟ್ಟುಹೋಗುವುದಿಲ್ಲವೇ? ಇಲ್ಲ. ನೀರು ಆವಿಯಾಗುತ್ತಾ ಹನಿಯನ್ನು ತಂಪಾಗಿಡುತ್ತದೆ. ಈ ವಿಧಾನದ ಸೊಗಸೇ ಅದು. ಆದರೂ ವಿಟಮಿನ್ ಸಿ ಒಂದಷ್ಟು ನಷ್ಟವಾಗುತ್ತದೆ.

ನಿಜವಾದ ತೊಡಕು ಅಂಟು. ಟೊಮೆಟೊದ ಸಕ್ಕರೆ, ಹುಳಿ ಅಂಶಗಳಿಂದಾಗಿ ಪುಡಿ ಗೋಪುರದ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಹೆಚ್ಚಾಗಿ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸುತ್ತಾರೆ. ಅದು ಪಿಷ್ಟದಿಂದ ತಯಾರಾದದ್ದು, ತರಕಾರಿಯಲ್ಲ. ಅದು ಹೆಚ್ಚಿದಷ್ಟೂ ಪುಡಿಯಲ್ಲಿ ಟೊಮೆಟೊ ಪಾಲು ಕಡಿಮೆ.

ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ನಮೂದಿಸಬೇಕು. ಕೊಳ್ಳುವ ಮುನ್ನ ಆ ಪಟ್ಟಿಯಲ್ಲಿ ಟೊಮೆಟೊ ಎಷ್ಟನೆಯದು ಎಂದು ದಯವಿಟ್ಟು ನೋಡಿ.