ಒಗೆಯುವ ಯಂತ್ರವನ್ನೇ ಒಗೆಯಬೇಕೆ?

ನಮ್ಮ ಕಡೆಯ ಕನ್ನಡದಲ್ಲಿ ‘ಒಗೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕೊಳೆಯಾದ ಬಟ್ಟೆಯನ್ನು ತೊಳೆಯುವುದೂ ಒಗೆಯುವುದೇ. ಬೇಡವಾದುದನ್ನು ಬೀಸಾಡುವುದೂ ಒಗೆಯುವುದೇ. 2025ರ ಬೇಸಗೆಯ ರಜೆಯಲ್ಲಿ, ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯ ನಮ್ಮ ಮನೆಯಲ್ಲಿ, ಈ ಎರಡು ಅರ್ಥಗಳೂ ಎದುರುಬದುರಾಗಿ ನಿಂತು ವಾದಕ್ಕಿಳಿದವು. ಅದಕ್ಕೆ ಕಾರಣವಾದುದು ಎರಡು ಟಬ್ಬುಗಳ ಒಂದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 2011ರಲ್ಲಿ, ಸಂಬಳದಲ್ಲಿ ಉಳಿಸಿದ ಹಣದಿಂದ ಗದಗಿನಲ್ಲಿ ಕೊಂಡು ತಂದದ್ದು ಅದು.

ಒಂದು ಮುಂಜಾನೆ ನೀರು ತುಂಬಿ ಗುಂಡಿ ತಿರುಗಿಸಿದರೆ ಯಂತ್ರವು ಗುಂಯ್ ಎಂದು ಗೊಣಗಿತೇ ಹೊರತು ಒಳಗಿನ ತಟ್ಟೆ ಅಲುಗಲಿಲ್ಲ. ಕಂಪನಿಯ ಕಡೆಯಿಂದ ಬಂದವರು ಅದರ ವಯಸ್ಸನ್ನು ವಿಚಾರಿಸಿದರು; ಹಿಂದಿನ ಮುಚ್ಚಳವನ್ನೂ ತೆಗೆಯದೆ, “ಹದಿನಾಲ್ಕು ವರ್ಷ ಆತಲ್ರೀ, ಸಾಮಾನು ಸಿಗೂದಿಲ್ಲ, ಹೊಸಾದು ತಗೋರಿ” ಎಂದು ಹೇಳಿ, ಬಂದುಹೋದುದರ ಹಣ ಪಡೆದು ಹೊರಟರು. ತಮ್ಮನಿಗೂ ಅದೇ ಬೇಕಾಗಿತ್ತು. ಅವನ ವಾದವನ್ನು ತೆಗೆದುಹಾಕುವಂತಿರಲಿಲ್ಲ. ಅವ್ವನಿಗೆ ಎಪ್ಪತ್ತು ದಾಟಿದೆ. ನೆನೆದ ಬಟ್ಟೆಯನ್ನು ಒಂದು ಟಬ್ಬಿನಿಂದ ಇನ್ನೊಂದಕ್ಕೆ ಎತ್ತಿಹಾಕುವಾಗ ಅವಳ ನಡು ಹಿಡಿದುಕೊಳ್ಳುತ್ತದೆ. ಪೂರ್ಣ ಆಟೋಮ್ಯಾಟಿಕ್ ಆದರೆ ಆ ತೊಂದರೆಯೇ ಇಲ್ಲ.

ಅವ್ವ ಮಾತ್ರ ಒಪ್ಪಲಿಲ್ಲ. “ಹಳೇದಂತ ಒಗೆಯೂದಾದ್ರ ಮೊದಲ ನನ್ನ ಒಗೀಬೇಕು ನೋಡು ತಮ್ಮಾ” ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಹಳ್ಳಕ್ಕೆ ಹೋಗಿ, ಸೋಡಾದಿಂದ ಬಿರಿದ ಅಂಗೈಗಳೊಡನೆ ಮಧ್ಯಾಹ್ನ ಮರಳುತ್ತಿದ್ದ ಅವ್ವನನ್ನು ನಾನು ಬಲ್ಲೆ. ಆ ಹೊರೆಯನ್ನು ಇಳಿಸಿದ ವಸ್ತುವನ್ನು ಪರೀಕ್ಷೆಯೇ ಇಲ್ಲದೆ ಗುಜರಿಗೆ ಹಾಕಲು ಮನಸ್ಸಾಗಲಿಲ್ಲ.

ಮರುದಿನ ಲಕ್ಷ್ಮೇಶ್ವರದಿಂದ ಮೋಟಾರು ಕಟ್ಟುವ ಮಿಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಪ್ಲಗ್ಗನ್ನು ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ, ಬೆಲ್ಟನ್ನು ಕೈಯಿಂದ ಎಳೆದು ನೋಡಿದರು. ಗಾಲಿ ಹಗುರವಾಗಿ ತಿರುಗಿತು. ಮತ್ತಷ್ಟು ಪರೀಕ್ಷಿಸಿ, “ಮೋಟಾರ ಛಲೋ ಐತ್ರೀ ಸರ. ಅದನ್ನ ಎಬ್ಬಸೂದು ಕೆಟ್ಟೈತಿ, ಅಷ್ಟ” ಎಂದರು. ಎಬ್ಬಿಸುವುದೆಂದರೆ ಕೆಪ್ಯಾಸಿಟರ್. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಇಂಥ ಮೋಟಾರು ತಾನಾಗಿ ತಿರುಗಲು ತೊಡಗಲಾರದು. ಅದಕ್ಕೆ ಮೊದಲ ನೂಕನ್ನು ಕೊಡುವುದು ಕೆಪ್ಯಾಸಿಟರ್. ಅದು ಸೋತರೆ ಮೋಟಾರು ಗೊಣಗುತ್ತದೆ, ತಿರುಗುವುದಿಲ್ಲ. ಹೊಸ ಕೆಪ್ಯಾಸಿಟರ್, ಸವೆದಿದ್ದ ಬೆಲ್ಟಿಗೆ ಬದಲು ಬೇರೊಂದು ಬೆಲ್ಟು, ಕೂಲಿ, ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು.

ಇದರಿಂದ ನಾನು ಕಲಿತದ್ದಿಷ್ಟು: ಯಂತ್ರದ ವಯಸ್ಸನ್ನು ಕೇಳುವುದಕ್ಕಿಂತ ಮೊದಲು ಅದರ ರೋಗವನ್ನು ಕೇಳಬೇಕು. ಮೋಟಾರು ತಿರುಗಿಯೂ ತಟ್ಟೆ ತಿರುಗದಿದ್ದರೆ ದೋಷವು ಬಹುಮಟ್ಟಿಗೆ ಬೆಲ್ಟಿನದು. ಹಿಂಡುವ ಟಬ್ಬಿನ ಕೆಳಗೆ ನೀರು ಸೋರಿದರೆ ರಬ್ಬರಿನ ಸೀಲು ಸವೆದಿರಬಹುದು. ಹಾಗೆಯೇ ಬಿಟ್ಟರೆ ನೀರು ಬೇರಿಂಗಿಗೂ ಮೋಟಾರಿಗೂ ಇಳಿಯುತ್ತದೆ. ಇವೆಲ್ಲ ಅಲ್ಪವೆಚ್ಚದ ರೋಗಗಳು. ಆದರೆ ಒಗೆಯುವ ಟಬ್ಬೇ ಸೀಳಿದ್ದರೆ, ತಳವು ತುಕ್ಕು ತಿಂದು ಮೋಟಾರಿನ ಭಾರವನ್ನು ಹೊರದಂತಾಗಿದ್ದರೆ, ಯಂತ್ರಕ್ಕೆ ವಿದಾಯ ಹೇಳುವುದೇ ವಿವೇಕ. ಮುಟ್ಟಿದಾಗ ಶಾಕ್ ಹೊಡೆದರಂತೂ ಆ ಕ್ಷಣವೇ ಬಳಕೆಯನ್ನು ನಿಲ್ಲಿಸಿ, ಮನೆಯ ಅರ್ಥಿಂಗನ್ನೂ ಪರೀಕ್ಷೆ ಮಾಡಿಸತಕ್ಕದ್ದು. ಪ್ಲಗ್ಗು ಕಿತ್ತ ಮೇಲೆಯೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅರಿಯದವರು ಅದಕ್ಕೆ ಕೈಹಾಕಲಾಗದು. ದುರಸ್ತಿಯ ವೆಚ್ಚವು ಹೊಸದರ ಅರ್ಧ ಬೆಲೆಯನ್ನು ಮೀರಬಾರದೆಂಬ ಮಾತುಂಟು. ಹತ್ತು ವರ್ಷ ದಾಟಿದ ಯಂತ್ರಕ್ಕೆ ಅರ್ಧವೂ ಹೆಚ್ಚೇ; ಕಾಲುಭಾಗದೊಳಗೆ ನಿಂತರೆ ಕ್ಷೇಮ.

ಇನ್ನು ನೀರಿನ ಮಾತು. ಪೂರ್ಣ ಆಟೋಮ್ಯಾಟಿಕ್ ಯಂತ್ರವು ಪ್ರತಿ ಹಂತದಲ್ಲಿಯೂ ತಾನೇ ನೀರನ್ನು ತುಂಬಿಕೊಳ್ಳುತ್ತದೆ. ನಲ್ಲಿಯಲ್ಲಿ ಸಾಕಷ್ಟು ಒತ್ತಡವಿಲ್ಲದಿದ್ದರೆ ಕೆಲಸ ನಿಲ್ಲಿಸಿ ಕಾಯುತ್ತದೆ. ಮುಂಬಾಗಿಲಿನ ಯಂತ್ರಕ್ಕೆ ಒಟ್ಟಿನಲ್ಲಿ ಕಡಿಮೆ ನೀರು ಸಾಕೆಂಬುದು ನಿಜ, ಆದರೆ ಅದು ಬೇಕೆಂದಾಗ ನಲ್ಲಿಯಲ್ಲಿರಬೇಕು. ನಮ್ಮ ಮನೆಯಲ್ಲಿ ಮಾಳಿಗೆಯ ಮೇಲೆ ಟಾಕಿಯಿಲ್ಲ. ನೀರು ಬಂದ ದಿನ ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳಬೇಕು. ಹಳೆಯ ಯಂತ್ರವು ಕೊಡದಿಂದ ಸುರಿದ ನೀರಿಗೂ ಬೇಸರಿಸದು. ಬಿಳಿಯ ಬಟ್ಟೆ ಒಗೆದ ಸಾಬೂನಿನ ನೀರಿನಲ್ಲಿಯೇ ಅವ್ವ ಬಣ್ಣದ ಬಟ್ಟೆ ಒಗೆಯುತ್ತಾಳೆ. ಜಾಲಿಸಿದ ನೀರು ಬಚ್ಚಲು ತೊಳೆಯುವುದಕ್ಕೆ. ಅಂಗಡಿಯವರು ಯಂತ್ರದ ಗುಣವನ್ನು ಹೇಳಿಯಾರು; ನಮ್ಮ ಮನೆಯ ನೀರಿನ ಗುಣವನ್ನು ನಾವೇ ಹೇಳಿಕೊಳ್ಳಬೇಕು.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ವಾಷಿಂಗ್ ಮಷೀನೇ ಮೊದಲಾದ ಕೆಲವು ವಸ್ತುಗಳ ಮೇಲೆ, ದುರಸ್ತಿ ಎಷ್ಟು ಸುಲಭವೆಂಬುದಕ್ಕೆ ಹತ್ತರಲ್ಲಿ ಇಂತಿಷ್ಟು ಅಂಕವೆಂದು ನಮೂದಿಸುವ ಪದ್ಧತಿ ಬಂದಿತು. ಅದೇ ವರ್ಷದ ಮಾರ್ಚಿಯಿಂದ ಐರೋಪ್ಯ ಒಕ್ಕೂಟದಲ್ಲಿ, ಒಂದು ಮಾದರಿಯ ಕೊನೆಯ ಯಂತ್ರವು ಮಾರುಕಟ್ಟೆಗೆ ಬಂದ ಮೇಲೆಯೂ ಕನಿಷ್ಠ 10 ವರ್ಷ ಅದರ ಮುಖ್ಯ ಬಿಡಿಭಾಗಗಳು ದೊರೆಯಬೇಕೆಂದು ಕಟ್ಟಳೆಯಾಯಿತು. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ವಾಷಿಂಗ್ ಮಷೀನಿನ ಹೆಸರೂ ಇದೆ. ನಾವು ಹೊರಗೆ ಒಗೆದದ್ದು ಎಲ್ಲಿಯೋ ಹೋಗಿ ಬೀಳಲೇಬೇಕಲ್ಲ!

ಹಾಗೆಂದು ತಮ್ಮನ ಮಾತನ್ನು ನಾವು ಮರೆಯಲಿಲ್ಲ. ಯಂತ್ರದ ರೋಗ ವಾಸಿಯಾಯಿತು. ಅವ್ವನ ನಡುನೋವು ಕೆಪ್ಯಾಸಿಟರಿನಿಂದ ವಾಸಿಯಾಗುವಂಥದಲ್ಲ. ನೆನೆದ ಬಟ್ಟೆಯನ್ನು ಎತ್ತಿಹಾಕುವ ಕೆಲಸ ಈಗ ತಮ್ಮನದು. ಮೊದಲ ದಿನ ಅವನು ಚಾದರ ಎತ್ತುವಾಗ ಅವ್ವ ಬಾಗಿಲಲ್ಲಿ ಕುಳಿತು, “ಹಿಂಡಿ ಹಾಕೋ, ನೀರು ಸೋರತಾವ” ಎಂದು ಅಪ್ಪಣೆ ಕೊಡುತ್ತಿದ್ದಳು. ಹದಿನಾಲ್ಕು ವರ್ಷಗಳ ಹಿಂದೆಯೇ ಮಾಡಿಕೊಳ್ಳಬಹುದಾಗಿದ್ದ ಈ ಏರ್ಪಾಡು, ಯಂತ್ರ ಕೆಟ್ಟು ನಿಲ್ಲುವವರೆಗೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.