ದೋಸೆ ಏಳಬೇಕು, ಉಗುರಿನ ಜೆಲ್ ಏಳಬಾರದು

ಮುಂಬಯಿಯ ಹೊಟೇಲುಗಳಲ್ಲಿ ಬೆವರು ಸುರಿಸಿ ಬಾಳು ಕಟ್ಟಿಕೊಂಡ ನಮ್ಮ ಬಾಂಧವರ ಮಕ್ಕಳು ಇಂದು ನಾನಾ ಕಸುಬುಗಳನ್ನು ಹಿಡಿದಿದ್ದಾರೆ. ಕೆಲವರು ಬ್ಯಾಂಕು ಸೇರಿದರು. ಕೆಲವರು ಕಂಪ್ಯೂಟರಿನ ಮುಂದೆ ಕುಳಿತರು. ಹೆಣ್ಣುಮಕ್ಕಳಲ್ಲಿ ಕೆಲವರು ಬ್ಯೂಟಿ ಪಾರ್ಲರುಗಳಲ್ಲಿ ಜೆಲ್ಲಿನಿಂದ ಕೃತಕ ಉಗುರು ಜೋಡಿಸುವ ಕೆಲಸ ಕಲಿತಿದ್ದಾರೆ. "ಉಗುರು ಜೋಡಿಸುವುದೂ ಒಂದು ಕಸುಬೇ?" ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿ ಇಲ್ಲದಿಲ್ಲ. ಮಾನದಿಂದ ದುಡಿದು ಅನ್ನ ಸಂಪಾದಿಸುವ ಕಸುಬು ಯಾವುದೇ ಆಗಲಿ, ಅದರ ಕಷ್ಟಸುಖವನ್ನು ಅರಿಯುವುದು ನಮ್ಮ ಕರ್ತವ್ಯವೆಂದು ನಾವು ಬಗೆಯುತ್ತೇವೆ.

ಕೆಲವು ತಿಂಗಳ ಹಿಂದೆ, ನಾವು ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ ದೋಸೆಯ ಕಾವಲಿಯ ಮುಂದೆ ನಿಂತಿದ್ದ ಹಳೆಯ ಸಂಗಾತಿಯೊಬ್ಬರು ತಮ್ಮ ಮಗಳೊಡನೆ ಕಚೇರಿಗೆ ಬಂದರು. ಮಗಳು ಉಗುರಿನ ತರಬೇತಿ ಮುಗಿಸಿ ಉಪನಗರದ ಒಂದು ಪಾರ್ಲರಿನಲ್ಲಿ ಹೊಸದಾಗಿ ಕೆಲಸಕ್ಕೆ ನಿಂತಿದ್ದಳು. "ಧಣಿಗಳೇ, ಇವಳು ಜೋಡಿಸಿದ ಉಗುರು ಎಂಟು ದಿನಕ್ಕೆ ಬುಡದಿಂದ ಏಳುತ್ತದಂತೆ. ಮತ್ತೆ ಮಾಡಿಕೊಡುವ ಖರ್ಚನ್ನು ಇವಳ ಸಂಬಳದಲ್ಲಿ ಹಿಡಿಯುತ್ತಾರಂತೆ. ತರಬೇತಿಗೆಂದು ಮಾಡಿದ ಸಾಲವೇ ಇನ್ನೂ ತೀರಿಲ್ಲ" ಎಂದು ಅವರು ಹೇಳಿದಾಗ ಹುಡುಗಿ ತಲೆಯೆತ್ತಲಿಲ್ಲ. ಒಡೆದ ಗ್ಲಾಸಿನ ಬೆಲೆಯನ್ನು ಹುಡುಗರ ಸಂಬಳದಲ್ಲಿ ಹಿಡಿದವರಲ್ಲಿ ನಾವೂ ಒಬ್ಬರು. ಆದುದರಿಂದ ಆ ಪಾರ್ಲರಿನ ಒಡತಿಯನ್ನು ದೂಷಿಸುವ ಬಾಯಿ ನಮಗಿರಲಿಲ್ಲ.

ಹುಡುಗಿಯ ಎಣಿಕೆಯಲ್ಲಿ ದೋಷವೆಲ್ಲ ಜೆಲ್ಲಿನದು. ಹೆಚ್ಚು ಬೆಲೆಯ ಜೆಲ್ ಕೊಂಡರೆ ಎಲ್ಲವೂ ಸರಿಹೋಗುವುದು. ನಮಗಾದರೋ ಈ ವಿದ್ಯೆಯ ಗಂಧವೂ ಇರಲಿಲ್ಲ. ಆದುದರಿಂದ ಬಹುಕಾಲದಿಂದ ಈ ಕಸುಬಿನಲ್ಲಿರುವ ನಮ್ಮ ಪರಿಚಯದ ಕನ್ನಡ ಮಹಿಳೆಯೊಬ್ಬರ ಬಳಿಗೆ ಅವಳನ್ನು ಕರೆದೊಯ್ದೆವು. ಅವರು ಹುಡುಗಿಯಿಂದ ಒಂದು ಕೈಯ ಉಗುರುಗಳನ್ನು ಮಾಡಿಸಿ, ಕೊನೆಯವರೆಗೂ ಸುಮ್ಮನೆ ನೋಡಿದರು. ಬಳಿಕ, "ತಂಗೀ, ನಿನ್ನ ಜೆಲ್ ಚೆನ್ನಾಗಿಯೇ ಇದೆ. ಅದನ್ನು ಹಚ್ಚುವುದಕ್ಕೆ ಮೊದಲಿನ ಅರ್ಧ ಗಂಟೆಯ ಕೆಲಸವನ್ನು ನೀನು ಹತ್ತು ನಿಮಿಷದಲ್ಲಿ ಮುಗಿಸಿದೆ" ಎಂದರು.

ಅವರು ವಿವರಿಸಿದ್ದನ್ನು ನಮ್ಮ ಹೊಟೇಲಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಕಾವಲಿಗೆ ನಾವು ಎಣ್ಣೆ ಸವರುವುದು ದೋಸೆ ಸುಲಭವಾಗಿ ಏಳಲೆಂದು. ಉಗುರಿನ ಮೇಲೆ ಎಣ್ಣೆಯ ಪಸೆ ಉಳಿದರೆ ಜೆಲ್ಲೂ ಹಾಗೆಯೇ ಏಳುತ್ತದೆ. ನೀರಿನ ಪಸೆಯೂ ಸತ್ತ ಚರ್ಮದ ಪೊರೆಯೂ ಅದೇ ಕೆಡುಕನ್ನು ಮಾಡುತ್ತವೆ.

ಮೊದಲನೆಯದು ನೀರು. ಗಿರಾಕಿಯ ಬೆರಳುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಉಗುರು ನೀರನ್ನು ಹೀರಿ ಹಿಗ್ಗುತ್ತದೆ. ಅದರ ಮೇಲೆ ಜೆಲ್ ಗಟ್ಟಿಯಾದ ನಂತರ ಉಗುರು ಒಣಗಿ ಕುಗ್ಗಿದಾಗ ಹಿಡಿತ ಸಡಿಲವಾಗುತ್ತದೆ. ಆದುದರಿಂದ ಜೆಲ್ಲಿನ ಕೆಲಸವನ್ನು ಒಣ ಉಗುರಿನ ಮೇಲೆಯೇ ಮಾಡತಕ್ಕದ್ದು.

ಎರಡನೆಯದು ಸತ್ತ ಚರ್ಮ. ಉಗುರಿನ ಬುಡದಲ್ಲಿ ಈರುಳ್ಳಿಯ ಒಳಪೊರೆಯಂತಹ ತೆಳುವಾದ ಪೊರೆಯೊಂದು ಅಂಟಿಕೊಂಡಿರುತ್ತದೆ. ಇದನ್ನು ಕ್ಯೂಟಿಕಲ್ ಎನ್ನುತ್ತಾರೆ. ಹೊಸಬರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಜೆಲ್ ಈ ಪೊರೆಯ ಮೇಲೆ ಕುಳಿತರೆ, ಪೊರೆ ಬಿಟ್ಟ ದಿನ ಜೆಲ್ಲೂ ಬಿಡುತ್ತದೆ. ಇದನ್ನು ಮೃದುವಾಗಿ ಹಿಂದೆ ಸರಿಸಿ, ಉಗುರಿಗೆ ಅಂಟಿದ ಭಾಗವನ್ನು ಮಾತ್ರ ತೆಗೆಯಬೇಕು. ಅದರ ಹಿಂದಿರುವ ಜೀವಂತ ಚರ್ಮದ ಮಡಿಕೆಯನ್ನು ಕತ್ತರಿಸಲಾಗದು.

ಮೂರನೆಯದು ಉಗುರನ್ನು ಉಜ್ಜುವ ಹದ. ಹೆಚ್ಚು ಉಜ್ಜಿದರೆ ಹೆಚ್ಚು ಅಂಟುವುದೆಂದು ಹೊಸಬರು ಭಾವಿಸುತ್ತಾರೆ. ೧೮೦ ನಂಬರಿನ ಅಥವಾ ಅದಕ್ಕಿಂತ ನಯವಾದ ಅರದಿಂದ ಮೇಲಿನ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಸವೆದು ತೆಳುವಾದ ಉಗುರು ಬಳುಕುತ್ತದೆ, ಗಟ್ಟಿಯಾದ ಜೆಲ್ ಅಷ್ಟು ಬಳುಕದು, ಅಂಟು ಬಿಡುತ್ತದೆ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು ೩ ಮಿಲಿಮೀಟರು. ಒಂದು ಗಳಿಗೆಯಲ್ಲಿ ಕೆಡಿಸಿದ ಉಗುರು ಪೂರ್ತಿಯಾಗಿ ಹೊಸದಾಗಲು ಹೆಚ್ಚುಕಡಿಮೆ ಆರು ತಿಂಗಳು ಬೇಕು. ಉಜ್ಜಿದ ಪುಡಿಯನ್ನು ಒರೆಸಿ, ಪಸೆ ತೆಗೆಯುವ ಡಿಹೈಡ್ರೇಟರನ್ನೂ ತೆಳುವಾಗಿ ಪ್ರೈಮರನ್ನೂ ಹಚ್ಚಿದ ಮೇಲೆ ಆ ಉಗುರನ್ನು ಯಾರೂ ಬೆರಳಿನಿಂದ ಮುಟ್ಟಬಾರದು. ಬೆರಳಿನಲ್ಲೂ ಎಣ್ಣೆಯ ಪಸೆಯುಂಟು.

ಇಷ್ಟಾದ ಮೇಲೆ ಜೆಲ್ಲಿನ ಸರದಿ. ಮೊದಲ ಪದರವನ್ನು ತೆಳುವಾಗಿ ತಿಕ್ಕಿ ಹಚ್ಚಬೇಕು. ಸುತ್ತಲಿನ ಚರ್ಮಕ್ಕೂ ಜೆಲ್ಲಿಗೂ ನಡುವೆ ಕೂದಲೆಳೆಯಷ್ಟು ಅಂತರವಿರಬೇಕು. ಚರ್ಮದ ಮೇಲೆ ಹರಿದ ಜೆಲ್ಲನ್ನು ದೀಪಕ್ಕೆ ಇಡುವ ಮುನ್ನವೇ ಒರೆಸದಿದ್ದರೆ ಅಂಚು ಅಲ್ಲಿಂದಲೇ ಏಳತೊಡಗುತ್ತದೆ. ಉಗುರಿನ ತುದಿಯ ಅಂಚನ್ನೂ ಜೆಲ್ಲಿನಿಂದ ಮುಚ್ಚಬೇಕು. ಬುಡದಲ್ಲಿ ತೆಳುವಾಗಿಯೂ ಭಾರ ಬೀಳುವ ನಡುಭಾಗದಲ್ಲಿ ತುಸು ದಪ್ಪವಾಗಿಯೂ ಇರಬೇಕು. ಗಿರಾಕಿ ಕೇಳಿದಳೆಂದು ಹೊಸಬರು ಬಹಳ ಉದ್ದದ ಉಗುರಿಗೆ ಕೈಹಾಕಬಾರದು. ಉದ್ದ ಹೆಚ್ಚಿದಷ್ಟೂ ತುದಿಗೆ ಬಿದ್ದ ಪೆಟ್ಟು ಬುಡವನ್ನು ಮೀಟುತ್ತದೆ.

ದೀಪದ ವಿಷಯದಲ್ಲಿ ಆ ಮಹಿಳೆ ಬಹಳ ನಿಷ್ಠುರರಾಗಿದ್ದರು. ಜೆಲ್ ತಯಾರಿಸಿದವರು ಹೇಳಿದ ದೀಪವನ್ನೇ, ಹೇಳಿದಷ್ಟು ಹೊತ್ತು ಬಳಸಬೇಕು. ಹೆಬ್ಬೆರಳು ದೀಪದೊಳಗೆ ಓರೆಯಾಗಿ ಮಲಗುವುದರಿಂದ ಅದನ್ನು ಬೇರೆಯಾಗಿಯೇ ಇಡಬೇಕು. ಒಮ್ಮೆಗೇ ದಪ್ಪವಾಗಿ ಹಚ್ಚಿದ ಜೆಲ್ಲು, ಮೇಲೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿದ ಪಡ್ಡಿನಂತೆ ಆಗುತ್ತದೆ.

ಈ ಹಸಿ ಜೆಲ್ಲಿನಲ್ಲಿಯೇ ಸಂಬಳದ ಕಡಿತಕ್ಕಿಂತ ದೊಡ್ಡ ಗಂಡಾಂತರ ಅಡಗಿದೆ. ಕೃತಕ ಉಗುರಿಗೂ ದಂತವೈದ್ಯಕ್ಕೂ ಹಳೆಯ ನಂಟು: ೧೯೫೦ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡರಿಕ್ ಸ್ಲ್ಯಾಕ್ ಎಂಬವರು ತಮ್ಮ ಮುರಿದ ಉಗುರನ್ನು ಹಲ್ಲಿನ ಕೆಲಸದ ಅಕ್ರಿಲಿಕ್ಕಿನಿಂದ ಸರಿಪಡಿಸಿಕೊಂಡರು. ಇಂದಿನ ಜೆಲ್ಲೂ ಅದೇ ಕುಲದ ವಸ್ತು. ಗಟ್ಟಿಯಾಗದ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಗಲಿದರೆ ಕೆಲವರಿಗೆ ಅಲರ್ಜಿ ಹುಟ್ಟುತ್ತದೆ. ಬೆರಳ ತುದಿ ಕೆಂಪಾಗಿ, ತುರಿಸಿ, ಬಿರಿಯುತ್ತದೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುತ್ತದೆ. ಮುಂದೆ ಹಲ್ಲು ತುಂಬಿಸುವಾಗಲೂ ತೊಡಕಾಗಬಹುದು. ೨೦೧೮ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘವು ಈ ಬಗ್ಗೆ ಎಚ್ಚರಿಕೆ ನೀಡಿತು. ಜೆಲ್ಲುಗಳಲ್ಲಿ ಬಳಸುತ್ತಿದ್ದ ಟಿ.ಪಿ.ಓ. ಎಂಬ ಇನ್ನೊಂದು ವಸ್ತುವನ್ನು ಯುರೋಪಿಯನ್ ಒಕ್ಕೂಟವು ೨೦೨೫ರ ಸೆಪ್ಟೆಂಬರ್ ೧ರಿಂದ ಸೌಂದರ್ಯಸಾಧನಗಳಲ್ಲಿ ನಿಷೇಧಿಸಿದೆ. ಗಿರಾಕಿಗೆ ಈ ತೊಂದರೆ ಬಂದರೆ ಅವಳು ಉಗುರಿನ ಷೋಕಿಯನ್ನು ಬಿಟ್ಟಾಳು. ಕಸುಬಿನವಳಿಗೆ ಬಂದರೆ ಅವಳ ಅನ್ನವೇ ಹೋಗುತ್ತದೆ. ಆದುದರಿಂದ ನೈಟ್ರೈಲ್ ಕೈಗವಸು ತೊಡಬೇಕು. ಜೆಲ್ ತಗಲಿದ ಕೈಗವಸನ್ನು ಕೂಡಲೇ ಬದಲಿಸಬೇಕು. ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ಎದ್ದ ಉಗುರಿನ ಸಂದಿಗೆ ಅಂಟು ಸುರಿದು ಮುಚ್ಚುವುದಂತೂ ಕೂಡದು. ಅಲ್ಲಿ ನಿಂತ ತೇವದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಬೆಳೆದು ಉಗುರು ಹಸಿರಾಗಬಹುದು. ಎದ್ದ ಭಾಗವನ್ನು ಅರದಿಂದ ತೆಗೆದು ಹೊಸದಾಗಿ ಮಾಡಬೇಕು. ಹಸಿರು ಬಣ್ಣವೋ ನೋವೋ ಕಂಡರೆ ವೈದ್ಯರಲ್ಲಿಗೆ ಕಳುಹಿಸಬೇಕು. ಉಗುರಿನಿಂದ ಡಬ್ಬಿಯ ಮುಚ್ಚಳ ಮೀಟದಂತೆಯೂ, ಪಾತ್ರೆ ತೊಳೆಯುವಾಗ ಕೈಗವಸು ತೊಡುವಂತೆಯೂ, ಎರಡು ಮೂರು ವಾರಗಳಿಗೊಮ್ಮೆ ಬಂದು ಸರಿಪಡಿಸಿಕೊಳ್ಳುವಂತೆಯೂ ಗಿರಾಕಿಗೆ ತಿಳಿಸಬೇಕು. ಕೆಲಸ ಮುಗಿದ ಮೇಲೆ ಉಗುರಿನ ಸುತ್ತ ಎಣ್ಣೆ ಹಚ್ಚಿಕೊಳ್ಳುವುದು ಒಳ್ಳೆಯದೇ. ಎಣ್ಣೆ ಕೆಡಿಸುವುದು ಕೆಲಸಕ್ಕೆ ಮೊದಲು.

ಹೊರಡುವಾಗ ಆ ಮಹಿಳೆ ಹುಡುಗಿಯ ಕೈಗೆ ಒಂದು ನೋಟುಪುಸ್ತಕವನ್ನು ಕೊಟ್ಟರು. "ಯಾರ ಯಾವ ಬೆರಳು, ಎಲ್ಲಿ ಎದ್ದಿತೆಂದು ಬರೆದಿಡು. ಬುಡದಲ್ಲಿ ಎದ್ದರೆ ಮೊದಲು ಕ್ಯೂಟಿಕಲನ್ನೂ ಚರ್ಮಕ್ಕೆ ಹರಿದ ಜೆಲ್ಲನ್ನೂ ನೋಡು, ತುದಿಯಲ್ಲಿ ಎದ್ದರೆ ಅಂಚನ್ನೂ ಉದ್ದವನ್ನೂ ನೋಡು" ಎಂದರು. ಖಾತೆ ಬರೆದು ಬದುಕುವ ನಮ್ಮ ಗುಮಾಸ್ತ ಬಾಂಧವರಿಗೆ ಈ ಮಾತಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ತಿಂಗಳು ಕಳೆದು ತಂದೆ ಮಗಳು ಮತ್ತೆ ಬಂದರು. ಆ ತಿಂಗಳಲ್ಲಿ ಎದ್ದುದು ಒಬ್ಬರ ಒಂದು ಹೆಬ್ಬೆರಳು ಮಾತ್ರ. ಪುಸ್ತಕದಲ್ಲಿ ಹುಡುಗಿ ತಾನೇ ಕಾರಣ ಬರೆದಿದ್ದಳು: ಅವಸರದಲ್ಲಿ ಹೆಬ್ಬೆರಳನ್ನು ಉಳಿದ ಬೆರಳುಗಳೊಡನೆಯೇ ದೀಪಕ್ಕೆ ಇಟ್ಟಿದ್ದೆ. ಸಂಬಳದಲ್ಲಿ ಆ ತಿಂಗಳು ಏನನ್ನೂ ಹಿಡಿದಿರಲಿಲ್ಲ. ತಂದೆ ಪುಟವನ್ನು ಎರಡು ಸಲ ಓದಿ, "ಕಾವಲಿ ಒರೆಸದೆ ಹಿಟ್ಟು ಹೊಯ್ಯಬೇಡವೆಂದು ಎಷ್ಟು ಹುಡುಗರಿಗೆ ಗದರಿಸಿದ್ದೇನೆ, ಧಣಿಗಳೇ! ಮನೆಯಲ್ಲಿ ಇವಳಿಗೊಂದು ಮಾತು ಹೇಳಲು ತೋಚಲೇ ಇಲ್ಲ" ಎಂದರು.