ಅರ್ಧಕ್ಕೆ ಬಿಟ್ಟ ಹೈಸ್ಕೂಲು

ಹೈಸ್ಕೂಲು ಅರ್ಧಕ್ಕೇ ಬಿಟ್ಟವರು
ನಲವತ್ತರಲ್ಲಿ ಮತ್ತೆ ಬೆಂಚಿನ ಮೇಲೆ ಕೂರಬೇಕೆ?

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬೇಕಿಲ್ಲ.
ಅಲ್ಲಿ ಜಿಇಡಿ ಪರೀಕ್ಷೆ ಇದೆ.
ನಮ್ಮಲ್ಲಿ ಎಸ್ಸೆಸ್ಸೆಲ್ಸಿಯನ್ನು
ಎಕ್ಸ್‌ಟರ್ನಲ್ ಆಗಿ ಕಟ್ಟಿದ ಹಾಗೆ.

ಶುರುವಾಗಿದ್ದು 1942ರಲ್ಲಿ,
ಓದು ಬಿಟ್ಟು ಯುದ್ಧಕ್ಕೆ ಹೋದ ಸೈನಿಕರಿಗಾಗಿ.

ಈಗ ನಾಲ್ಕೇ ಪತ್ರಿಕೆ:
ಗಣಿತ, ಭಾಷೆ, ವಿಜ್ಞಾನ, ಸಮಾಜ.
ಒಂದೊಂದರಲ್ಲೂ 145 ಅಂಕ ಬಂದರೆ ಪಾಸು.
ನಾಲ್ಕನ್ನೂ ಒಂದೇ ದಿನ ಬರೆಯಬೇಕಿಲ್ಲ.

ಗಣಿತದ ಭಯವೇ?
ಸೂತ್ರಗಳ ಹಾಳೆ ಅವರೇ ಕೊಡುತ್ತಾರೆ.
ಹೆಚ್ಚಿನ ಲೆಕ್ಕಕ್ಕೆ ಕ್ಯಾಲ್ಕುಲೇಟರೂ ಉಂಟು.

ತಯಾರಿಗೆ ಕಮ್ಯುನಿಟಿ ಕಾಲೇಜು, ಲೈಬ್ರರಿ;
ಹಲವೆಡೆ ಪುಕ್ಕಟೆ.
ವಲಸೆ ಬಂದವರಿಗೆ ಇಂಗ್ಲಿಷ್ ಪಾಠವೂ ಅಲ್ಲೇ:
ಫಾರಂ ತುಂಬುವುದು,
ಡಾಕ್ಟರಿಗೆ ನೋವು ಎಲ್ಲಿದೆ ಎಂದು ಹೇಳುವುದು.

ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು,
ಸ್ಪ್ಯಾನಿಷಿನಲ್ಲೂ ಬರೆಯಬಹುದು.
ಕನ್ನಡದಲ್ಲಿ ಇಲ್ಲ.